ನಾಲಿಗೆಗೂ ತಾಗಬಾರದು

"ತಿಂದಿಲ್ಲ ಅಂದ್ರೆ ತಿಂದಿಲ್ಲ. ಬೇಕಾದ್ರೆ ನಮ್ಮಪ್ಪನ ಸಮಾಧಿ ಮುಟ್ಟಿ ಹೇಳ್ತೀನಿ," ಎಂದು ನೆಮೊತೊ ಮೂರನೇ ಸಲ ಹೇಳಿದರು.

ನರ್ಸ್ ಚಿಗುಸಾ ರಕ್ತಪರೀಕ್ಷೆಯ ಚೀಟಿಯನ್ನು ಮತ್ತೊಮ್ಮೆ ನೋಡಿದಳು. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಂಕಿ ಆಸ್ಪತ್ರೆಯಲ್ಲಿದ್ದಾಗ ಎರಡು ದಾಟಿತ್ತು, ಮನೆಗೆ ಹೋದ ಮೂರೇ ವಾರಕ್ಕೆ ಒಂದೂಕಾಲಿಗೆ ಇಳಿದಿತ್ತು. ರಕ್ತ ಮತ್ತೆ ಗಟ್ಟಿಯಾಗುತ್ತಿದೆ ಎಂದು ಅದರ ಅರ್ಥ. ಎರಡು ತಿಂಗಳ ಹಿಂದೆ ಎದೆ ಸೀಳಿ ಅವರ ಹೃದಯಕ್ಕೆ ಕೂರಿಸಿದ ಕೃತಕ ಕವಾಟದ ಮೇಲೆ ಯಾವ ಗಳಿಗೆಯಲ್ಲಾದರೂ ಹೆಪ್ಪು ಕಟ್ಟಬಹುದು, ಅದು ಕಿತ್ತುಕೊಂಡು ಮಿದುಳಿಗೆ ಹೋಗಬಹುದು. ಡಾಕ್ಟರು ಆಗಲೇ ರಕ್ತ ತೆಳುಮಾಡುವ ಮಾತ್ರೆ ಹೆಚ್ಚಿಸಲು ಹೊರಟಿದ್ದರು. "ಹತ್ತು ನಿಮಿಷ ಕೊಡಿ ಸರ್, ಮಾತಾಡಿ ಬರ್ತೀನಿ," ಎಂದು ಚಿಗುಸಾ ಅವರನ್ನು ತಡೆದು ಬಂದಿದ್ದಳು. ಕಾರಣ ತಿಳಿಯದೆ ಹೆಚ್ಚಿಸಿದರೆ, ನಾಳೆ ರಕ್ತ ಸುರಿದು ನಿಲ್ಲದ ಇನ್ನೊಂದು ಗಂಡಾಂತರ.

ಮಿತೊ ಊರಿನಲ್ಲಿ ನೆಮೊತೊ ಅವರದು ಮೂರು ತಲೆಮಾರಿನಿಂದ ನತ್ತೊ ಮಾಡುವ ಮನೆ. ಬೇಯಿಸಿದ ಸೋಯಾಕಾಳನ್ನು ಹುಲ್ಲಿನಲ್ಲಿ ಕಟ್ಟಿ, ಬೆಚ್ಚಗಿನ ಕೋಣೆಯಲ್ಲಿ ಹುದುಗಿಸಿ, ಬೆಲ್ಲದ ಪಾಕದ ಹಾಗೆ ಎಳೆ ಬರಿಸುವುದೇ ಅವರ ಬದುಕು. ಆ ನತ್ತೊ ಒಳಗೆ ಹೋದರೆ ರಕ್ತ ತೆಳುಮಾಡುವ ಮಾತ್ರೆ ಸೋಲುತ್ತದೆ. ಮನೆಗೆ ಕಳಿಸುವ ದಿನ ಚಿಗುಸಾ ಇದನ್ನು ಹೇಳಿದಾಗ, "ನೀನು ಒಸಾಕಾ ಕಡೆಯವಳು. ನತ್ತೊ ಕಂಡ್ರೆ ಮೂಗು ಮುಚ್ಕೊಳ್ಳೋ ಜನ. ಬಿಡೋ ಕಷ್ಟ ನಿಂಗೇನು ಗೊತ್ತು?" ಎಂದು ಛೇಡಿಸಿ, ಕೊನೆಗೆ ಮಾತು ಕೊಟ್ಟಿದ್ದರು. ಮಾತು ತಪ್ಪುವ ಮನುಷ್ಯನಂತೆ ಅವರು ಇವತ್ತೂ ಕಾಣಲಿಲ್ಲ.

"ಸರಿ, ನೀವು ತಿಂದಿಲ್ಲ," ಎಂದಳು ಚಿಗುಸಾ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು. "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ, ಒಂದೊಂದಾಗಿ ಹೇಳಿ ನೋಡೋಣ."

"ಏನಿದೆ ಹೇಳೋಕೆ? ಐದಕ್ಕೆ ಎದ್ದೆ. ಬಿಸಿನೀರು ಕುಡ್ದೆ. ಶಾಖದ ಕೋಣೆ ಬಾಗಿಲು ತೆಗ್ದು ನಾಲ್ಕು ಕಟ್ಟು ಬಿಚ್ಚಿದೆ. ಕಲಸಿ ನೋಡ್ದೆ, ಎಳೆ ಚೆನ್ನಾಗಿತ್ತು. ಬಾಯಿಗೆ ಹಾಕ್ಕೊಂಡು..."

"ಬಾಯಿಗೆ?"

"ಉಗುಳ್ದೆ ನರ್ಸಮ್ಮಾ! ಪೂರ್ತಿ ಉಗುಳಿ ಬಾಯಿನೂ ಮುಕ್ಕಳಿಸ್ದೆ. ತಿನ್ನೋದು ಬೇರೆ, ರುಚಿ ನೋಡೋದು ಬೇರೆ. ಅದು ಕೆಲಸ!"

ಚಿಗುಸಾಳಿಗೆ ನಗು ಬಂತು. ಮರುಗಳಿಗೆಯೇ ಮನಸ್ಸು ಚುರುಕ್ ಎಂದಿತು. ಮನೆಗೆ ಕಳಿಸಿದ ದಿನ 'ನೀವೇ ಒಂದ್ಸಲ ಹೇಳಿ' ಎಂದು ಅವರಿಂದಲೇ ಹೇಳಿಸಿದ್ದಳು. 'ನತ್ತೊ ತಿನ್ನಬಾರದು' ಎಂದು ಅವರು ಒಪ್ಪಿಸಿದ ಕೂಡಲೇ ಹಾಳೆಯ ಮೇಲೆ ಸರಿ ಗುರುತು ಹಾಕಿ ಎದ್ದಿದ್ದಳು. ದಿನಾ ನತ್ತೊ ಜೊತೆ ಏನು ಮಾಡುತ್ತೀರಿ ಎಂದು ಕೇಳಿರಲಿಲ್ಲ.

"ತಪ್ಪು ನಂದೇ," ಎಂದಳು. "ನಾಲಿಗೆಗೂ ತಾಗಿಸಬೇಡಿ ಅನ್ಬೇಕಿತ್ತು. ಆ ಲೋಳೆ ಉಗುಳಿದ್ರೆ ಪೂರ್ತಿ ಹೋಗಲ್ಲ. ಚೂರು ಇಳಿದ್ರೂ ಸಾಕು, ಅದರ ಜೀವಾಣು ಹೊಟ್ಟೆಯಲ್ಲಿ ಕೂತು, ಮಾತ್ರೆ ಸೋಲಿಸೋ ಸತ್ವನ ದಿನಗಟ್ಟಲೆ ತಯಾರು ಮಾಡ್ತಾನೇ ಇರುತ್ತೆ."

ನೆಮೊತೊ ತಮ್ಮ ಹೊಟ್ಟೆಯತ್ತ ನೋಡಿಕೊಂಡರು. "ಅಂದ್ರೆ... ಒಳಗೂ ಹುದುಗ್ತಾ ಇದೆಯಾ?"

"ಹೌದು. ಒಳಗೂ ಬೆಚ್ಚಗೇ ಇದೆಯಲ್ಲ."

ಐವತ್ತು ವರ್ಷ ಹುದುಗಿಸಿದವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. "ಹಾಗಾದ್ರೆ ಬಾಗಿಲು ಹಾಕೋದೇ," ಎಂದರು. ದನಿ ಕುಸಿದಿತ್ತು. "ರುಚಿ ನೋಡದ ಮಾಲು ನಮ್ಮ ಮನೆಯಿಂದ ಯಾವತ್ತೂ ಹೊರಗೆ ಹೋಗಿಲ್ಲ."

"ನೀವು ಐದು ವಾರ ಇಲ್ಲಿದ್ರಲ್ಲ, ಆಗ ಮಾಲು ಹೋಗ್ಲಿಲ್ವಾ?"

"ಹೋಯ್ತು."

"ರುಚಿ ಯಾರು ನೋಡಿದ್ರು?"

ನೆಮೊತೊ ಪಕ್ಕದಲ್ಲಿ ಅವರ ಹೆಂಡತಿ ಇಕುಯೊ ಮೊದಲಿಂದಲೂ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ನಾನೇ," ಎಂದರು ಇಕುಯೊ.

"ನೀನಾ? ನೀನು ಕಟ್ಟು ಕಟ್ಟೋಳು!"

"ನಲವತ್ತೊಂದು ವರ್ಷದಿಂದ ಕಟ್ತಿದೀನಿ ರೀ. ಬೆರಳಿಗೆ ಅಂಟಿದ್ದು ಬಾಯಿಗೆ ಹೋಗಲ್ವಾ? ನೀವು ಮಲಗಿದ್ದ ಎರಡನೇ ವಾರ ಒಂದು ಸಲದ ಮಾಲು ಪೂರ್ತಿ ಕಹಿ ಬಂದಿತ್ತು. ಕಳಿಸ್ಲಿಲ್ಲ, ಗೊಬ್ಬರಕ್ಕೆ ಹಾಕಿಸ್ದೆ. ನಿಮ್ಗೆ ಹೇಳಿದ್ರೆ ಹೊಲಿಗೆ ಕಿತ್ಕೊಂಡು ಎದ್ದು ಬರ್ತಿದ್ರಿ ಅಂತ ಬಾಯಿಬಿಡ್ಲಿಲ್ಲ."

ನೆಮೊತೊ ಹೆಂಡತಿಯನ್ನು ದಿಟ್ಟಿಸಿದರು. ಚಿಗುಸಾ ಸದ್ದಿಲ್ಲದೆ ಎದ್ದು ಡಾಕ್ಟರ ಕೋಣೆಗೆ ನಡೆದಳು. ಆ ದಿನ ಮಾತ್ರೆ ಹೆಚ್ಚಾಗಲಿಲ್ಲ. ಎರಡು ದಿನಕ್ಕೊಮ್ಮೆ ಬಂದು ರಕ್ತ ಕೊಡಬೇಕೆಂದಾಯಿತು. ಹನ್ನೊಂದನೇ ದಿನ ಅಂಕಿ ಎರಡು ದಾಟಿತು.

ಮುಂದಿನ ರಜೆಯ ದಿನ, "ಬಂದು ಕಣ್ಣಾರೆ ನೋಡು," ಎಂಬ ನೆಮೊತೊ ಅವರ ಹಟಕ್ಕೆ ಸೋತು ಚಿಗುಸಾ ಬೆಳಿಗ್ಗೆಯೇ ಅವರ ಮನೆಗೆ ಹೋದಳು. ವಾಸನೆಗೆ ಕೈ ತಾನಾಗಿ ಮೂಗಿಗೆ ಹೋಯಿತು, ಇಕುಯೊ ನಕ್ಕರು. ನೆಮೊತೊ ಒಂದು ಕಟ್ಟು ಬಿಚ್ಚಿ, ಊಟದ ಕಡ್ಡಿಗಳಿಂದ ಬಟ್ಟಲಲ್ಲಿ ಕಲಸಿ, ಅವನ್ನು ಮೇಲೆತ್ತಿ, ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಟ್ಟಲನ್ನು ಹೆಂಡತಿಯ ಕೈಗಿಟ್ಟು, ಅವರ ಬಾಯನ್ನೇ ನೋಡುತ್ತ ನಿಂತರು.

"ಹೇಗಿದೆ?"

ಇಕುಯೊ ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, ನುಂಗಿ, "ಇನ್ನೊಂದು ಗಂಟೆ ಬೇಕು," ಎಂದರು.

ನೆಮೊತೊ ಕಟ್ಟುಗಳನ್ನು ಶಾಖದ ಕೋಣೆಗೆ ಮರಳಿಸಿ, ಬಾಗಿಲು ಹಾಕಿ, ಗಡಿಯಾರ ನೋಡಿಕೊಂಡರು.