ನಲವತ್ತೊಂದನೇ ಪುಟ

ಸಂದರ್ಶನಕ್ಕೆ ಬಂದ ಮೂರನೆಯವನೂ "ಎರಡು ಸಲ" ಎಂದ. ಅಂಬಾದಾಸ ಅವನ ಹೆಸರಿನ ಮೇಲೆ ಗೀಟು ಎಳೆದು ಬಾಗಿಲಿನತ್ತ ಕೈ ತೋರಿಸಿದ.

ಪ್ರಶ್ನೆ ಸಣ್ಣದು. ಒಂದು ಸರ್ವರಿಗೆ ವಹಿಸಿದ ಕೆಲಸವನ್ನು, ಎಂದರೆ ರೋಲನ್ನು, ತೆಗೆದುಹಾಕಿದ ಮೇಲೆ ಅದನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಬೇಕು? ಒಂದೇ ಸಲ. ಕೈಯಾರೆ ಮಾಡಿದವರಿಗೆಲ್ಲ ಇದು ಗೊತ್ತು. ಆದರೆ ಕಂಪ್ಯೂಟರ್ ಕ್ಲಾಸುಗಳಿಗೆ ಹೆಸರಾದ ಅಮೀರ್‌ಪೇಟ್‌ನ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ನೋಟ್ಸಿನ ನಲವತ್ತೊಂದನೇ ಪುಟದ ಕೊನೆಯ ಸಾಲಿನಲ್ಲಿ "ಎರಡು ಸಲ" ಎಂದಿತ್ತು. ಹೈದರಾಬಾದಿನಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿ ಬೋರ್ಡು ಹಾಕುತ್ತಿದ್ದ ಕಾಲ ಅದು. ಆ ನೋಟ್ಸ್ ಬಾಯಿಪಾಠ ಮಾಡಿ, ಅನುಭವದ ಪತ್ರವನ್ನು ಎಲ್ಲಿಂದಲೋ ಹೊಂದಿಸಿಕೊಂಡು ಬಂದು ಕೂರುವವರಿಗೆ ಬರವಿರಲಿಲ್ಲ. ಅಂಥವರನ್ನು ಕಂಡರೆ ಅಂಬಾದಾಸನಿಗೆ ಮೈಯೆಲ್ಲ ಉರಿ.

ಇವತ್ತು ಉರಿ ತುಸು ಹೆಚ್ಚೇ ಇತ್ತು. ಉಪ್ಪಲ್‌ನ ಈ ಕಚೇರಿಯಲ್ಲಿ ಅವನ ಮೇಜಿನ ಮೇಲಿನ ಒಂದೇ ಕನ್ಸೋಲಿನ ಪರದೆಯಿಂದ ಕಂಪನಿಯ ಇಪ್ಪತ್ಮೂರು ಸರ್ವರುಗಳ ಆಡಳಿತ ನಡೆಯುತ್ತಿತ್ತು. ಯಾವುದು ಮೇಲ್ ನೋಡಬೇಕು, ಯಾವುದು ಪ್ರಿಂಟ್ ಕಳಿಸಬೇಕು, ಯಾವುದು ಫೈಲು ಕಾಯಬೇಕು ಎಂದು ಊರೂರಿನ ಯಂತ್ರಗಳಿಗೆ ರೋಲ್ ಹಂಚುವವನು ಅವನೇ. ಸಂಜೆಯೊಳಗೆ ಆ ಕನ್ಸೋಲಿಗೆ ಎರಡನೆಯ ಆಳು ಸಿಗದಿದ್ದರೆ ಎಲ್ಲವನ್ನೂ ಪುಣೆಗೆ ಸಾಗಿಸುತ್ತೇವೆ ಎಂದು ಹೆಡ್ ಆಫೀಸು ಬರೆದಿತ್ತು. ಹಾಗಾದರೆ ಅಂಬಾದಾಸನ ಕುರ್ಚಿಯೂ ಹೋದಂತೆಯೇ. ಅದೇ ಪತ್ರದ ಕೆಳಗೆ ಇನ್ನೊಂದು ಸಾಲಿತ್ತು: ಸೋಮವಾರದಿಂದ ಎಲ್ಲರ ಪ್ರಮಾಣಪತ್ರಗಳ ತಪಾಸಣೆ. ಬೆಳಿಗ್ಗೆಯಿಂದ ಆ ಪತ್ರವನ್ನು ನಾಲ್ಕು ಸಲ ಓದಿದ್ದ.

ನಾಲ್ಕನೆಯವಳು ಒಳಗೆ ಬಂದಳು. ಹೆಸರು ಶಾಂಭವಿ, ವಯಸ್ಸು ನಲವತ್ತಾರು. ನೂಲಿನ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ. ಕೂರುವ ಮೊದಲು ಅವನ ತಲೆಯ ಹಿಂದಿನ ಗೋಡೆಯ ಮೇಲಿದ್ದ ಚೌಕಟ್ಟನ್ನು ತುಸು ಹೊತ್ತು ನೋಡಿದಳು. ಆರು ತಿಂಗಳ ತರಬೇತಿ, ಪ್ರಥಮ ದರ್ಜೆ, ಕೆಳಗೆ ಪಾಠ ಹೇಳಿದವರದೆಂದು ಒಂದು ಸೊಟ್ಟ ಸಹಿ. ಬಂದವರು ನೋಡಲಿ ಎಂದೇ ಅಂಬಾದಾಸ ಅದಕ್ಕೆ ಗಾಜು ಹಾಕಿಸಿ ಅಲ್ಲಿ ತೂಗುಹಾಕಿದ್ದ.

ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯವರು ಅವಳ ಬಗ್ಗೆ ಕಳಿಸಿದ್ದು ಒಂದೇ ಹಾಳೆ. ಒಂಬತ್ತು ವರ್ಷದ ಅನುಭವ ಎಂದಿತ್ತು, ಎಲ್ಲಿ ಎಂದಿರಲಿಲ್ಲ. ಇಂಗ್ಲಿಷಿನಲ್ಲಿ ಶುರುವಾದ ಮಾತು, ಅವಳ ಮನೆ ಕಾಚಿಗೂಡದಲ್ಲಿ, ತವರು ರಾಯಚೂರಿನ ಕಡೆ ಎಂದು ತಿಳಿದ ಮೇಲೆ ಕನ್ನಡಕ್ಕೆ ಹೊರಳಿತು.

"ಒಂಬತ್ತು ವರ್ಷ ಎಲ್ಲಿದ್ರಿ ಮೇಡಂ?"

"ಅಮೀರ್‌ಪೇಟಿನ್ಯಾಗ್ರೀ."

ಅಂಬಾದಾಸ ನಗು ತಡೆದುಕೊಂಡ. ಉಳಿದವರು ಆರು ತಿಂಗಳಲ್ಲಿ ಮುಗಿಸುವುದಕ್ಕೆ ಈಕೆಗೆ ಒಂಬತ್ತು ವರ್ಷ ಹಿಡಿಯಿತಲ್ಲ.

ಅವಳು ಗೋಡೆಯತ್ತ ಗಲ್ಲವೆತ್ತಿ, ಅದು ಯಾವ ವರ್ಷದ ಬ್ಯಾಚು ಎಂದು ಕೇಳಿದಳು. ಎರಡು ಸಾವಿರದ ಒಂಬತ್ತರದು ಎಂದ. ಅವಳು ತಲೆಯಾಡಿಸಿದಳು.

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಪರೀಕ್ಷೆಗೆಂದೇ ಇಟ್ಟಿದ್ದ ಎರಡು ಸರ್ವರುಗಳಿದ್ದವು. ಹಳೆಯದರ ಫೈಲ್ ರೋಲನ್ನು ತೆಗೆದು ಹೊಸದಕ್ಕೆ ಕೊಡಬೇಕಿತ್ತು. ಶಾಂಭವಿ ಮೌಸ್ ಹಿಡಿದಳು. ಎಲ್ಲಿ ಏನಿದೆ ಎಂದು ಒಮ್ಮೆಯೂ ಹುಡುಕಲಿಲ್ಲ.

"ಮೊದಲ ಇದರ ಮ್ಯಾಲ ಯಾರ್ಯಾರು ನಿಂತಾರ ನೋಡಬೇಕು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಆಮ್ಯಾಲ ಕೈ ಹಾಕಬೇಕು."

ಅವಳಾಡಿದ್ದು ನೋಟ್ಸಿನ ಇಪ್ಪತ್ತೊಂಬತ್ತನೇ ಪುಟ, ಮೇಲಿನಿಂದ ಮೂರನೇ ಸಾಲು. ಭಾಷೆಯೊಂದು ಬೇರೆ. ಅಂಬಾದಾಸ ಮುಂದಕ್ಕೆ ಬಾಗಿದ. ಹೊಸ ಸರ್ವರಿಗೆ ರೋಲ್ ಬಂದು ಕೂತಿತು. ಸಂಜೆಗೆ ಮೊದಲೇ ಕೆಲಸ ಬಲ್ಲ ಕೈಯೊಂದು ಸಿಕ್ಕಿತಲ್ಲ ಎಂದು ಖುಷಿಪಡಬೇಕಾದವನಿಗೆ ಯಾಕೋ ಕುರ್ಚಿ ಒತ್ತತೊಡಗಿತು. ಇಷ್ಟು ಬಲ್ಲವಳು ಪಕ್ಕದಲ್ಲಿ ಕೂತರೆ ದಿನವೂ ತನ್ನ ಕೈಯನ್ನೇ ನೋಡುತ್ತಿರುತ್ತಾಳೆ ಎಂದು ಭಯವಾಯಿತು. ಹಳೆಯದರ ರೋಲ್ ತೆಗೆಯಲು ಅವಳು ಹೊರಟಾಗ ಕೈ ಅಡ್ಡ ಹಿಡಿದ. ಇಷ್ಟು ಸಾಕು, ಮುಂದಿನದನ್ನು ಬಾಯಲ್ಲಿ ಹೇಳಿ ಎಂದ.

"ರೋಲ್ ತೆಗದ ಮ್ಯಾಲ ಎಷ್ಟು ಸಲ ರೀಸ್ಟಾರ್ಟ್ ಮಾಡತೀರಿ?"

ಶಾಂಭವಿ ಗೋಡೆಯನ್ನು ನೋಡಿದಳು, ಅವನನ್ನು ನೋಡಿದಳು.

"ಎರಡು ಸಲರೀ."

ಅಂಬಾದಾಸನಿಗೆ ಹಾಯೆನಿಸಿತು. ಇವಳೂ ಅದೇ ಗುಂಪಿನವಳು. ಪೆನ್ನೆತ್ತಿಕೊಂಡ. ಬೆಳಿಗ್ಗೆಯಿಂದ ಯಾರಿಗೂ ಕಾರಣ ಹೇಳದವನು ನಮ್ಮ ಕಡೆಯವಳಲ್ಲವೇ ಎಂದು ಇವಳಿಗೆ ಮಾತ್ರ ತಿದ್ದಿ ಹೇಳಲು ಹೊರಟ.

"ಒಂದೇ ಸಲರೀ ಮೇಡಂ. ಆ ನೋಟ್ಸ್ ತಪ್ಪೈತಿ. ನಾನೂ ಅದನ್ನ ಓದೇನಿ, ಆರು ತಿಂಗಳು ಕ್ಲಾಸಿನ್ಯಾಗ ಕುಂತು. ನನ್ನ ಕಾಪಿಯೊಳಗ ಇವತ್ತಿಗೂ ಎರಡು ಅಂತನ ಐತಿ."

"ಒಂದೇ ಸಲ ಅಂತ ನನಗೂ ಗೊತ್ತೈತ್ರಿ." ಶಾಂಭವಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಎರಡು ಅಂತ ನಾನ ಬೇಕಂತ ಬರದಿದ್ದೆ. ಕ್ಲಾಸಿಗೆ ಬಂದವರಿಗೆ ಮೊದಲನೇ ದಿನಾನ ಕೆಂಪು ಪೆನ್ನಿಲೆ ಹೊಡದು ಹಾಕಸ್ತಿದ್ದೆ. ಬರೇ ಜೆರಾಕ್ಸ್ ತಗೊಂಡವರ ಕಾಪಿಯೊಳಗ ಅಷ್ಟ ಅದು ಹಂಗ ಉಳದೈತಿ."

ಪೆನ್ನು ಅವಳ ಹೆಸರಿನ ಮೇಲೆಯೇ ನಿಂತಿತು. ಪಕ್ಕದಲ್ಲಿ ಹೆಡ್ ಆಫೀಸಿನ ಪತ್ರ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು.

ಅವಳು ಅವನ ತಲೆಯ ಮೇಲಿನ ಚೌಕಟ್ಟನ್ನು ನೋಡುತ್ತ ಮೆಲ್ಲಗೆ ಕೇಳಿದಳು: "ಅದಕ್ಕ ನಾನು ಯಾವಾಗ ಸಹಿ ಮಾಡಿದೆರೀ, ಸರ್?"