ಪಥ್ಯ ಬಿಟ್ಟ ದಿನ

ಬೆಣ್ಣೆ ಹಾಕಿದ ಬಿಸಿ ಜೋಳದ ವಾಸನೆ ಬಂದರೆ ಈಗಲೂ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಅಪ್ಪಯ್ಯನನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದ ಮರುದಿನ ಅಪ್ಪಯ್ಯ, ಅಮ್ಮ, ನಾನು ಮೂವರೂ ಥೀಮ್ ಪಾರ್ಕಿಗೆ ಹೋಗಿದ್ದೆವು. ಮಳೆಗಾಲದಿಂದಲೂ ಉಪ್ಪಿಲ್ಲದ ಗಂಜಿ ಕುಡಿಯುತ್ತಿದ್ದ ಅಪ್ಪಯ್ಯ ಅಲ್ಲಿ ಬೆಣ್ಣೆ ತೇಲುವ ಜೋಳದ ಕಪ್ ಕೊಂಡರು, ಗೋಬಿ ಮಂಚೂರಿ ಕೊಂಡರು, ಆಮೇಲೆ ಎಲ್ಲರಿಗೂ ಐಸ್‌ಕ್ರೀಮ್.

“ಪಥ್ಯ ಅಲ್ವಾ ಅಪ್ಪಯ್ಯ?” ಎಂದೆ.

“ಇನ್ನು ಎಂತ ಪಥ್ಯನೂ ಬೇಡ, ಆಸೆ ಆದದ್ದು ತಿನ್ನಿ ಅಂದ್ರು ಡಾಕ್ಟ್ರು,” ಎಂದು ನಕ್ಕರು.

ನಮ್ಮಲ್ಲಿ ಪಥ್ಯ ಬಿಡಿಸುವುದು ಗುಣವಾದವರಿಗೆ. ಎರಡು ಚಮಚಕ್ಕೇ ಅಪ್ಪಯ್ಯನಿಗೆ ಸಾಕಾಯಿತು. ಉಳಿದದ್ದನ್ನೆಲ್ಲ ನಾನೇ ಖುಷಿಯಿಂದ ತಿಂದೆ. ಅಮ್ಮ ದೊಡ್ಡ ರಾಟೆಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಐಸ್‌ಕ್ರೀಮ್ ಕರಗಿ ಮೊಣಕೈವರೆಗೆ ಇಳಿದಿತ್ತು.

ನಮ್ಮೂರು ಕೊಪ್ಪದಲ್ಲಿ ಬಸ್ಸಿಳಿದವಳೇ ನಾನು ಹಣ್ಣಿನಂಗಡಿಯ ಕರೀಂ ಸಾಬರ ಹತ್ತಿರ ಓಡಿದೆ. “ಅಪ್ಪಯ್ಯಂಗೆ ಪಥ್ಯ ಬಿಡಿಸಿದ್ರು! ಇನ್ನು ಎಂತ ಬೇಕಾದ್ರೂ ತಿನ್ಬೋದಂತೆ!”

ದಿನಾ ನನ್ನನ್ನು ರೇಗಿಸುತ್ತಿದ್ದ ಸಾಬರು ಅಮ್ಮನ ಮುಖ ನೋಡಿದರು. ಅಂಗಡಿಯನ್ನು ಹಾಗೇ ಬಿಟ್ಟು ಬಂದು, ಅಪ್ಪಯ್ಯನ ಕೈಯ ಚೀಲ ತಾವು ತೆಗೆದುಕೊಂಡು, ನಮ್ಮ ಮನೆವರೆಗೂ ಜೊತೆಗೆ ನಡೆದರು.