ಹೊಂಡದ ಆಳ

ಮೂರನೇ ಸಲವೂ ಗೂಬೆ ಅವಳ ‘ಇಪ್ಪತ್ತೈದು ಅಡಿ’ಯನ್ನು ಅಳಿಸಿ ‘ಮೂರು ಅಡಿ’ ಎಂದು ಮಾಡಿದ್ದ. ಅಂತರ್ಜಾಲದ ವಿಶ್ವಕೋಶದಲ್ಲಿ ಗೂಬೆ ಎಂದು ಹೆಸರಿಟ್ಟುಕೊಂಡು ಪುಟಗಳನ್ನು ಕಾಯುವ ಆತ ಯಾರು, ಎಲ್ಲಿಯವನು ಎಂದು ಅವಳಿಗೆ ತಿಳಿಯದು. ಈ ಸಲ ಕೆಳಗೆ ಎರಡು ಸಾಲು ಬರೆದಿದ್ದ: ‘ಸರ್, ಅಚ್ಚಾದ ಪುಸ್ತಕದಲ್ಲಿ ಮೂರು ಅಡಿ ಎಂದಿದೆ. ನಿಮ್ಮ ಇಪ್ಪತ್ತೈದಕ್ಕೆ ಆಧಾರ ಕೊಡಿ. ಎರಡು ಸಾವಿರ ತಿದ್ದುಪಡಿ ಮಾಡಿದ ಹಿರಿಯರೇ ಹೀಗೆ ಹಟ ಹಿಡಿದರೆ ಖಾತೆಗೆ ಬೀಗ ಹಾಕಬೇಕಾಗುತ್ತದೆ.’

ಈ ಹಿರಿಯ ಸರ್‌ಗೆ ಇಪ್ಪತ್ತೆರಡು ವರ್ಷ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ನಿಂತ ಹುಡುಗಿ. ಗಿರಾಕಿಗಳ ಹತ್ತಿರ ‘ಒಂದು ಕಡೆಯಾ, ಎರಡು ಕಡೆಯಾ’ ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ಮಾತಿಲ್ಲ. ಬಿಡುವಾದಾಗ ಮೊಬೈಲಿನಲ್ಲಿ ಊರಿನ ಸೇತುವೆ, ಹಕ್ಕಿ, ಮುಚ್ಚಿಹೋದ ಗಿರಣಿ ಎಲ್ಲದರ ಬಗ್ಗೆ ಬರೆಯುತ್ತಿದ್ದಳು. ಕಲ್ಲುಕ್ವಾರಿ ಹೊಂಡದ ಪುಟವೂ ಅವಳದೇ. ಎರಡು ವರ್ಷದ ಹಿಂದೆ ತಾನೇ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಮೂರು ಅಡಿ ಎಂದು ಬರೆದಿದ್ದಳು. ಆಗ ಯಾರೂ ಆಧಾರ ಕೇಳಲಿಲ್ಲ. ಮೊನ್ನೆ ಮನೆಗೆ ಬಂದ ಸೋದರಮಾವ ಅದನ್ನು ಓದಿಸಿಕೊಂಡು ತಲೆ ಚಚ್ಚಿಕೊಂಡ. “ಅಯ್ಯೋ, ಅದು ನಾವು ಕಲ್ಲು ಒಡೀವಾಗ ನಿಂತ್ಕೊಳ್ಳೋಕೆ ಬಿಟ್ಟಿದ್ದ ಕಟ್ಟೆ ಕಣೇ, ಈಗ ನೀರೊಳಗಿದೆ! ಅದರಾಚೆ ಒಂದು ಹೆಜ್ಜೆ ಇಟ್ರೆ ಇಪ್ಪತ್ತೈದಡಿ.” ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

“ಏನಮ್ಮಾ, ಮೊಬೈಲ್ ಒಳಗೇ ಹೋಗ್ಬಿಡ್ತೀಯೇನು? ಇನ್ನೂರು ಕಾಪಿ ಬೇಕು, ಬೇಗ.”

ಮೇಷ್ಟ್ರು. ಅವಳಿಗೆ ಪಾಠ ಹೇಳಿದವರು, ನಿವೃತ್ತರಾದ ಮೇಲೆ ಊರಿನ ಚರಿತ್ರೆ ಬರೆದು ಅಚ್ಚು ಹಾಕಿಸಿದವರು. ಗೂಬೆ ಹೇಳುವ ಪುಸ್ತಕ ಅದೇ. ಅವರು ಕೊಟ್ಟ ಹಾಳೆಯನ್ನು ಅವಳು ಗಾಜಿನ ಮೇಲೆ ಬೋರಲು ಹಾಕುವ ಮುಂಚೆ ಓದಿದಳು. ‘ಮಕ್ಕಳಿಗೆ ಈಜು ಶಿಬಿರ. ನಾಳೆ ಬೆಳಿಗ್ಗೆ ಏಳಕ್ಕೆ, ಕ್ವಾರಿ ಹೊಂಡದಲ್ಲಿ. ನೀರು ಮೂರೇ ಅಡಿ, ತಾಯಂದಿರು ಹೆದರಬೇಕಾಗಿಲ್ಲ.’ ಮುಚ್ಚಳ ಮುಚ್ಚಿದಳು. ಬೆರಳು ಹಸಿರು ಗುಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು.

“ಸಾರ್... ಅಲ್ಲಿ ಮೂರಡಿ ಅಲ್ಲ. ಇಪ್ಪತ್ತೈದು.”

“ಯಾರಂದ್ರು?”

“ನಮ್ಮ ಮಾವ. ಆ ಕ್ವಾರೀಲೇ ಕಲ್ಲು ಒಡೀತಿದ್ರು.”

“ನಿಮ್ಮ ಮಾವನ ಲೆಕ್ಕ ಸಂಜೆ ಆದ್ಮೇಲೆ ಜಾಸ್ತಿ ಆಗುತ್ತೆ ಬಿಡಮ್ಮಾ.” ಮೇಷ್ಟ್ರು ತಮ್ಮ ಮೊಬೈಲನ್ನು ಅವಳ ಮೂಗಿನ ಹತ್ತಿರ ತಂದರು. “ನೋಡು, ವಿಶ್ವಕೋಶದಲ್ಲೇ ಇದೆ. ಅದೂ ನನ್ನ ಪುಸ್ತಕದ ಹೆಸರು ಹಾಕಿ!”

“ನಿಮ್ಮ ಪುಸ್ತಕಕ್ಕೆ ಆ ಮೂರಡಿ ಎಲ್ಲಿಂದ ಬಂತು ಸಾರ್?”

“ಎಲ್ಲಿಂದ ಅಂದ್ರೆ...” ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಇದರಿಂದ್ಲೇ ತಗೊಂಡಿದ್ದು.”

“ಇದನ್ನ ಬರೆದೋಳು ನಾನು. ಹಗ್ಗ ಕಟ್ಟೆ ಮೇಲೆ ಕೂತಿದ್ದು ಗೊತ್ತಾಗ್ಲಿಲ್ಲ. ತಪ್ಪು ಬರೆದೆ.”

“ನೀನು?” ಮೇಷ್ಟ್ರು ನಕ್ಕೇಬಿಟ್ಟರು. “ಹಾಜರಿ ಕೂಗಿದ್ರೆ ‘ಎಸ್ ಸಾರ್’ ಅನ್ನೋಕೂ ಬಾಯಿ ಬರ್ತಿರಲಿಲ್ಲ ನಿಂಗೆ. ವಿಶ್ವಕೋಶ ಬರೀತೀಯಾ?”

ಅವಳು ತನ್ನ ಮೊಬೈಲ್ ತೆಗೆದು ಮತ್ತೆ ಇಪ್ಪತ್ತೈದು ಎಂದು ಒತ್ತಿದಳು. ನಿಮಿಷ ಕಳೆಯುವಷ್ಟರಲ್ಲಿ ಮೂರು ಬಂತು, ಜೊತೆಗೆ ಖಾತೆಗೆ ಬೀಗವೂ ಬಿತ್ತು. ಅವಳು ಕಾಗದದ ಕಟ್ಟುಗಳನ್ನು ಬಿಗಿಯುವ ನೈಲಾನ್ ಹಗ್ಗವನ್ನು ಗೂಟದಿಂದ ಎಳೆದುಕೊಂಡಳು. “ಬನ್ನಿ ಸಾರ್, ಅಳೆಯೋಣ.” ಅವರ ಉತ್ತರಕ್ಕೆ ಕಾಯದೆ ಷಟರ್ ಎಳೆದಳು. ದಾರಿಯುದ್ದಕ್ಕೂ ನಡೆಯುತ್ತಲೇ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿದಳು. ನಾಳೆಯ ಹಾಳೆ ಮೆಷಿನ್ನಿನೊಳಗೇ ಉಳಿದಿದೆ ಎಂದು ಗೊಣಗುತ್ತ ಮೇಷ್ಟ್ರು ಹಿಂದೆ ಬಂದರು.

ಹೊಂಡದಲ್ಲಿ ನೀರು ಸುಮ್ಮನೆ ಹಸಿರಾಗಿ ನಿಂತಿತ್ತು. ಅವಳು ಬಟ್ಟೆಸಮೇತ ಕಟ್ಟೆಗೆ ಇಳಿದಳು, ಸೊಂಟದ ತನಕ ನೀರು. “ಮೂರೇ!” ಎಂದರು ದಡದ ಬಂಡೆಯ ಮೇಲೆ ಕೂತ ಮೇಷ್ಟ್ರು. ಅವಳು ಕಟ್ಟೆಯ ಅಂಚಿನವರೆಗೆ ಹೋಗಿ ಕಲ್ಲು ಕಟ್ಟಿದ ಹಗ್ಗವನ್ನು ಆಚೆ ಬಿಟ್ಟಳು. ಅದು ಹೋಯಿತು, ಹೋಗುತ್ತಲೇ ಇತ್ತು.

“ಯಾವ್ದೋ ಸಂದಿಗೆ ಬಿದ್ದಿರುತ್ತಮ್ಮಾ. ಹಗ್ಗ ನಂಬಿ ಒಂದ್ಸಲ ಕೆಟ್ಟೆ ಅಂತ ನೀನೇ ಅಂದ್ಯಲ್ಲ, ಈಗ ಅದೇ ಹಗ್ಗ ನಂಬು ಅಂದ್ರೆ? ನಲವತ್ತು ಮಕ್ಕಳ ಹೆಸರು ಬರ್ಕೊಂಡಿದ್ದೀನಿ. ಜೆರಾಕ್ಸ್ ಅಂಗಡಿ ಹುಡುಗಿ ಹೇಳಿದ್ಲು ಅಂತ ಶಿಬಿರ ನಿಲ್ಲಿಸ್ಲಾ? ಏನಾದ್ರೂ ಆಧಾರ ಬೇಡ್ವಾ?”

ಅವಳು ಹಗ್ಗ ಮೇಲೆಳೆದು ಕಲ್ಲನ್ನು ಬಿಚ್ಚಿ ಎಸೆದಳು. ಆ ತುದಿಯನ್ನು ತನ್ನ ಸೊಂಟಕ್ಕೆ ಎರಡು ಸುತ್ತು ಬಿಗಿದುಕೊಂಡು, ಉಳಿದ ಹಗ್ಗವನ್ನು ತಂದು ಮೇಷ್ಟ್ರ ಕೈಗಿಟ್ಟಳು.

“ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್. ನಂಗೆ ಈಜು ಬರಲ್ಲ.”

“ಏಯ್, ಏನ್ ಮಾಡ್ತಿದ್ದೀಯೇ—”

ಅವಳು ಅಂಚಿಗೆ ಹೋಗಿ ಇನ್ನೊಂದು ಹೆಜ್ಜೆ ಇಟ್ಟಳು. ತಲೆ ಮುಳುಗಿತು. ಗಂಟುಗಳು ಮೇಷ್ಟ್ರ ಅಂಗೈಯನ್ನು ತರಚುತ್ತ ಒಂದೊಂದಾಗಿ ಜಾರಿದವು. ನಾಲ್ಕು. ಐದು. ಆರು. ಏಳನೆಯದಕ್ಕೆ ಮೇಷ್ಟ್ರು ಎಣಿಸುವುದನ್ನು ಬಿಟ್ಟು ಎರಡೂ ಕೈಯಿಂದ ಎಳೆಯತೊಡಗಿದರು.